ಮೂರು ಗಾಲಿಗಳ ಹೊಳಪು

ಬಿಳಿ ಕಾರು ಬೇಡ ಎಂದು ಎಲ್ಲರೂ ಹೇಳಿದ್ದರು. ನಮ್ಮ ಕಡೆಯ ಕರಿಮಣ್ಣಿನ ಧೂಳಿಗೆ ಬಿಳಿ ಬಣ್ಣ ಒಂದು ದಿನವೂ ತಾಳುವುದಿಲ್ಲ ಎಂಬುದು ಅವರ ವಾದ. ನಾನು ಕೇಳಲಿಲ್ಲ. ಬೇಸಿಗೆಯ ಮಧ್ಯಾಹ್ನ ಆಳಂದದ ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಬಾಗಿಲನ್ನು ಒಮ್ಮೆ ಮುಟ್ಟಿದವರಿಗೆ ಬಿಳಿಯ ಬೆಲೆ ತಿಳಿಯುತ್ತದೆ. ಅದೂ ಅಲ್ಲದೆ ನನಗೆ ಬಿಳಿ ಇಷ್ಟ, ಚೊಕ್ಕಟ ಇಷ್ಟ. ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಹಿಂದಿನ ತರಗತಿಯವರು ಅರ್ಧಮರ್ಧ ಒರೆಸಿಟ್ಟು ಹೋದ ಬೋರ್ಡಿನ ಮೇಲೆ ಒಂದಕ್ಷರವನ್ನೂ ಬರೆಯಲಾರೆ. ನಮ್ಮ ಮನೆಯವರು ನನ್ನ ಕಾರನ್ನು ಕಾರು ಎಂದು ಕರೆಯುವುದೇ ಇಲ್ಲ, ‘ನಿನ್ನ ಮಡಿ’ ಎನ್ನುತ್ತಾರೆ. ನಿನ್ನ ಮಡಿ ಹೊರಗ ನಿಂತದ, ನಾಯಿ ಮುಟ್ಟೀತು ನೋಡು, ಎಂದು ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿ ಹೋಗುತ್ತಾರೆ.

ಇಂಥ ನಾನು ಟೈರಿಗೆ ಹಚ್ಚುವ ಪಾಲಿಶ್ ಹುಡುಕಿಕೊಂಡು ಒಂದು ಮಳೆಗಾಲವನ್ನೇ ಕಳೆದೆ ಎಂದರೆ ಪರಿಚಯದವರು ಯಾರೂ ಆಶ್ಚರ್ಯಪಡುವುದಿಲ್ಲ. ಟೈರು ಹೊಳೆಯಬೇಕು, ಆದರೆ ಗಾಲಿ ತಿರುಗುವಾಗ ಸಿಡಿದು ಬಾಗಿಲ ಮೇಲೆ ಕಲೆ ಮಾಡಬಾರದು. ಅಂಥದ್ದೊಂದು ಡಬ್ಬಿಗಾಗಿ ಅಂಗಡಿ ಅಂಗಡಿ ಅಲೆದೆ. ಮಡಿ ಅತಿಯಾಯಿತು ಎಂದು ನಕ್ಕರು. ನಗಲಿ. ನಾನು ಅಲೆದದ್ದು ಅಪ್ಪನ ಬಲಗೈಗಾಗಿ.

ಅಪ್ಪನಿಗೆ ಅದರ ಹಿಂದಿನ ಚಳಿಗಾಲದಲ್ಲಿ ಲಕ್ವಾ ಹೊಡೆದಿತ್ತು. ಎಳ್ಳಮಾಸಿಯ ದಿನ ನನ್ನ ತವರೂರು ಗೊಬ್ಬೂರಿನ ಹೊಲದಲ್ಲಿ ಎಲ್ಲರ ಜೊತೆ ಕೂತು ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಂಡು, ಕೈ ತೊಳೆಯಲು ಎದ್ದವನು ಹಾಗೇ ಬಲಕ್ಕೆ ವಾಲಿದ. ಹೊಲಮನೆ ನೋಡಿಕೊಳ್ಳುವ ನನ್ನ ತಮ್ಮ ಅವನನ್ನು ಕಲಬುರಗಿಯ ಆಸ್ಪತ್ರೆಗೆ ಒಯ್ದ. ಅಲ್ಲಿಂದ ಬಿಟ್ಟ ಮೇಲೆ, ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಯವರು ಆಳಂದದಲ್ಲಿ ನಮ್ಮ ಓಣಿಯ ಹತ್ತಿರವೇ ಇದ್ದುದರಿಂದ, ಅಪ್ಪನನ್ನು ನಾನು ಕರೆತಂದೆ. ಮಾತು ಬಂತು. ಕಾಲು ಬಂತು. ಕೋಲು ಹಿಡಿದು ಓಣಿಯ ತುದಿಯವರೆಗೆ ನಡೆಯುವಷ್ಟಾದ. ಬಲಗೈ ಮಾತ್ರ ಬರಲಿಲ್ಲ. ತೋಳು ಒಂದಿಷ್ಟು ಅಲುಗುತ್ತಿತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡೇ ಇದ್ದವು.

ಫಿಜಿಯೋಥೆರಪಿಯವರು ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು, ಮುಂಜಾನೆ ಸಂಜೆ ಹಿಸುಕಬೇಕು ಎಂದರು. ಹರೆಯದಿಂದಲೂ ನೇಗಿಲು ಹಿಡಿದ ಮನುಷ್ಯ ಆ ಚೆಂಡನ್ನು ನೋಡಿದ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹುಡುಗರ ಆಟ ಎಂದು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟ. ನಾನು ದಿನಾ ಬಗ್ಗಿ ಹೊರಗೆಳೆಯುವುದು, ಅವನು ದಿನಾ ಉರುಳಿಸುವುದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೈದೆ, ಬೇಡಿಕೊಂಡೆ, ಚಹಾ ಕೊಡುವುದಿಲ್ಲ ಎಂದು ಹೆದರಿಸಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಹೀಗೇ ಬಿಟ್ಟರೆ ಬೆರಳು ಬಿಗಿದುಕೊಂಡು ಹೋಗುತ್ತವೆ, ಆಮೇಲೆ ಬಿಡಿಸಲು ಯಾರಿಂದಲೂ ಆಗುವುದಿಲ್ಲ ಎಂದು ಫಿಜಿಯೋಥೆರಪಿಯವರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದರು. ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಲೇಜಿಗೆ ಹೋಗಿ ಬರುತ್ತಿದ್ದೆ.

ಕಾರಹುಣ್ಣಿಮೆ ಬಂತು. ನಮ್ಮ ಕಡೆ ಅದು ಎತ್ತುಗಳ ಹಬ್ಬ. ನಾನು ಸಣ್ಣವಳಿದ್ದಾಗ ಗೊಬ್ಬೂರಿನ ಮನೆಯಲ್ಲಿ ಆ ದಿನ ಅಪ್ಪನನ್ನು ಮಾತನಾಡಿಸುವಂತಿರಲಿಲ್ಲ. ಎತ್ತುಗಳ ಮೈ ತೊಳೆದು, ಕೊಂಬು ಹೆರೆದು, ಕುಸುಬಿ ಎಣ್ಣೆ ಹಚ್ಚಿ, ಗೊರಸಿಗೂ ಎಣ್ಣೆ ಸವರಿ, ಅವು ಹೊಳೆಯುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಸಂಜೆ ಊರ ಅಗಸೆಬಾಗಿಲಲ್ಲಿ ಎತ್ತು ಓಡಿಸುವ ಹೊತ್ತಿಗೆ ನಮ್ಮ ಜೋಡಿಯ ಕೊಂಬಿನಲ್ಲಿ ಸೂರ್ಯ ಕಾಣುತ್ತಿದ್ದ ಎಂದು ಹೇಳುತ್ತಿದ್ದ. ಸ್ವಲ್ಪ ಹೆಚ್ಚೇ ಹೇಳುತ್ತಿದ್ದ. ತಮ್ಮ ಟ್ರ್ಯಾಕ್ಟರ್ ತಂದ ಮೇಲೆ ಎತ್ತುಗಳು ಹೋದವು. ಅದಕ್ಕಾಗಿ ಅಪ್ಪ ಕೊರಗಲಿಲ್ಲ, ತಾನೇ ಮುಂದೆ ನಿಂತು ಒಳ್ಳೆಯ ಮನೆ ನೋಡಿ ಕೊಟ್ಟ. ಹಬ್ಬದ ದಿನ ಬಂದಾಗ ಮಾತ್ರ ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಬೇಕು ಎಂದು ತಿಳಿಯದವನಂತೆ ಓಡಾಡುತ್ತಿದ್ದ.

ಆಳಂದದ ನಮ್ಮ ಮನೆಯಲ್ಲಿ ಹೊಳೆಯಿಸಲು ಏನಿದೆ? ಆ ಮುಂಜಾನೆ ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. ಹೊರಗೆ ಬಕೀಟಿನ ಸದ್ದಾಯಿತು. ಬಂದು ನೋಡಿದರೆ ಅಪ್ಪ ಕಾರಿನ ಮುಂದಿನ ಗಾಲಿಯ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದಾನೆ. ಗಾಲಿ ತೊಳೆದಾಗಿದೆ, ನಡುವೆ ಅರಿಶಿಣ ಕುಂಕುಮ ಇಟ್ಟಾಗಿದೆ. ಪಕ್ಕದಲ್ಲಿ ನನ್ನ ಸ್ಟೀಲ್ ಬಟ್ಟಲು, ಬಟ್ಟಲ ತುಂಬ ಕುಸುಬಿ ಎಣ್ಣೆ. ಮಡಚಿದ ಬಲಗೈ ಬೆರಳುಗಳ ಸಂದಿಗೆ ಎಡಗೈಯಿಂದ ಒಂದು ಅರಿವೆ ತುರುಕಿಕೊಂಡು, ಅದನ್ನು ಎಣ್ಣೆಯಲ್ಲಿ ಅದ್ದಿ ಟೈರಿಗೆ ಹಚ್ಚುತ್ತಿದ್ದ. ತೋಳು ಭುಜದಿಂದ ಆಡುತ್ತಿತ್ತು. ಮೊಳಕೈ ಬಿಚ್ಚುತ್ತಿತ್ತು, ಮಡಚುತ್ತಿತ್ತು. ತಿಂಗಳುಗಟ್ಟಲೆ ನನ್ನ ಬೈಗುಳಕ್ಕೆ ಜಗ್ಗದ ಕೈ ಅದು.

ನನ್ನ ಬಿಳಿ ಕಾರು, ನನ್ನ ಅಡುಗೆ ಎಣ್ಣೆ. ಬೇರೆ ದಿನವಾಗಿದ್ದರೆ ಓಣಿಯೆಲ್ಲ ಕೇಳುವಂತೆ ಕೂಗುತ್ತಿದ್ದೆ. ಅಂದು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನೆಲಕ್ಕೆ ತಾಗುವ ಭಾಗಕ್ಕೆ ಹಚ್ಚಬೇಡ, ಗಾಡಿ ಜಾರುತ್ತದೆ ಎಂದಷ್ಟೇ ಹೇಳಿದೆ. ಗೊರಸಿನ ಅಡಿಗೆ ಯಾರಾದರೂ ಎಣ್ಣೆ ಹಚ್ಚುತ್ತಾರೇನು ಎಂದು ಅಪ್ಪ ನನ್ನನ್ನೇ ಕೇಳಿದ.

ಅಂದಿನಿಂದ ಅದು ಅವನ ಕೆಲಸವಾಯಿತು. ಒಂದೆರಡು ದಿನಕ್ಕೊಮ್ಮೆ ಮಣೆ, ಬಟ್ಟಲು, ಎಣ್ಣೆ. ನಾನು ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಪ್ರತಿ ಗಾಲಿಯ ಹಿಂದಿನ ಬಿಳಿ ಮೈಯ ಮೇಲೆ ಬೀಸಣಿಗೆ ಬಿಚ್ಚಿದ ಹಾಗೆ ಕಂದು ಚುಕ್ಕೆಗಳು ಹರಡಿರುತ್ತಿದ್ದವು. ಎಣ್ಣೆಗೆ ಧೂಳು ಮೆತ್ತಿ, ಬಿಸಿಲಿಗೆ ಒಣಗಿ, ಅಂಟಾಗಿ ಕೂರುತ್ತಿತ್ತು. ಕುಸುಬಿ ಎಣ್ಣೆಯ ಗುಣವೇ ಅದು. ಡಬ್ಬಿಯ ಬಾಯಿಗೆ ಒಣಗಿದ್ದು ಉಗುರಿಗೂ ಬರುವುದಿಲ್ಲ. ಅಪ್ಪನಿಗೆ ಕಾಣದಿರಲೆಂದು ಮನೆಗಿಂತ ಮುಂಚಿನ ತಿರುವಿನಲ್ಲಿ ಕಾರು ನಿಲ್ಲಿಸಿ, ಸೋಪಿನ ನೀರಿನ ಅರಿವೆಯಿಂದ ಒರೆಸಿ, ಏನೂ ಆಗದವಳಂತೆ ಮನೆಗೆ ಬರುತ್ತಿದ್ದೆ. ಅಪ್ಪನ ಬೆರಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಡಿಲಾಗುತ್ತಿದ್ದವು. ಚುಕ್ಕೆ ಬಿದ್ದರೆ ಬೀಳಲಿ ಎಂದು ನನ್ನಂಥವಳೂ ಅಂದುಕೊಂಡಳು.

ಆಮೇಲೆ ಕುಬುಸದ ದಿನ ಬಂತು. ನನ್ನ ಅಕ್ಕನನ್ನು ಜೇವರ್ಗಿ ತಾಲ್ಲೂಕಿನ ನೆಲೋಗಿಗೆ ಕೊಟ್ಟಿದೆ. ಅವಳ ಮಗಳು ಚೊಚ್ಚಲ ಬಸುರಿ, ತಾಯಿಯ ಮನೆಗೆ ಬಂದಿದ್ದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ ಅದು. ಸೀರೆಯನ್ನು ಅಪ್ಪನೇ ಅಂಗಡಿಯಲ್ಲಿ ಕೂತು, ಇಡೀ ರಾಶಿ ಬಿಚ್ಚಿಸಿ ಆರಿಸಿದ್ದ. ರವಿಕೆ ಹೊಲಿಸಬೇಕೆಂದು ಮೊದಲೇ ಕಳಿಸಿದ್ದೆವು. ಹೊರಡುವ ಮುಂಜಾನೆ ಅವನು ಗಾಲಿಗಳಿಗೆ ಎಂದಿಗಿಂತ ಹೆಚ್ಚು ಎಣ್ಣೆ ಕುಡಿಸಿದ. ಮೊಮ್ಮಗಳ ಕುಬುಸಕ್ಕೆ ಹೋಗುವ ಗಾಡಿ, ಹೊಳೆಯಬೇಡವೇ?

ಆಳಂದದಿಂದ ನೆಲೋಗಿ ಸಣ್ಣ ದಾರಿಯಲ್ಲ. ಕಲಬುರಗಿ ದಾಟಿ, ಭೀಮಾ ನದಿಯ ಸೇತುವೆ ದಾಟಿ, ಜೇವರ್ಗಿಯಲ್ಲಿ ತಿರುಗಿ ಹೋಗಬೇಕು. ಹಿಂದಿನ ದಿನ ಒಂದಿಷ್ಟು ಮಳೆಯಾಗಿ ರಸ್ತೆಯ ಅಂಚು ಕೆಸರಾಗಿತ್ತು. ಅಕ್ಕನ ಮನೆಯ ಮುಂದೆ ನಿಲ್ಲಿಸಿದಾಗ ಬಾಗಿಲುಗಳ ಕೆಳಗಿನ ಅರ್ಧ ಚಿರತೆಯ ಮೈಯಾಗಿತ್ತು. ನಾನು ಇಳಿದು ಅರಿವೆ ಹುಡುಕುವಷ್ಟರಲ್ಲಿ ಅಕ್ಕನ ಮಗಳು, ಹೊಸ ಸೀರೆ ಉಟ್ಟವಳು, ಮುತ್ಯಾ ಬಂದ ಎಂದು ಒಳಗಿಂದ ಬಂದೇಬಿಟ್ಟಳು. ಅಜ್ಜನಿಗೆ ಕೈಯಾಸರೆ ಕೊಟ್ಟು ಇಳಿಸಲು ಕಾರಿಗೆ ಒತ್ತಿ ನಿಂತಳು. ಹಿಂದೆ ಸರಿದಾಗ, ಹಸಿರು ಸೀರೆಯ ನೆರಿಗೆಗಳ ಮೇಲೆ ಅಂಗೈಯಗಲದ ಕರಿ ಜಿಡ್ಡು.

ಕುಬುಸದ ಸೀರೆಯ ಮೇಲೆ ಕರಿ ಕಲೆ. ಯಾರೂ ಬೈಯಲಿಲ್ಲ. ಅಕ್ಕ ಮಗಳನ್ನು ಒಳಗೆ ಕರೆದೊಯ್ದು ಕಲೆ ಒಳಮಡಿಕೆಗೆ ಹೋಗುವಂತೆ ನೆರಿಗೆ ತಿರುಗಿಸಿ ಉಡಿಸಿದಳು. ಆದರೆ ಉಡಿ ತುಂಬಲು ಬಂದ ಹೆಂಗಸರಲ್ಲಿ ಪಕ್ಕದ ಮನೆಯವಳೊಬ್ಬಳು ತಮಾಷೆಗೆ ಅಂದಳು: “ಮುತ್ಯಾ ಎತ್ತಂತ ತಿಳಕೊಂಡು ಗಾಲಿಗಿ ಎಣ್ಣಿ ಹಚ್ಚ್ಯಾನ ನೋಡ್ರಿ.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಗುತ್ತಲೇ ಬಲಗೈಯನ್ನು ಹೆಗಲ ಮೇಲಿನ ವಸ್ತ್ರದೊಳಗೆ ಮುಚ್ಚಿಕೊಂಡ. ಊಟದ ಹೊತ್ತಿನಲ್ಲಿ, ಮರಳಿ ಬರುವ ದಾರಿಯಲ್ಲಿ, ಮನೆಗೆ ಬಂದ ಮೇಲೂ, ಆ ಕೈ ವಸ್ತ್ರದಿಂದ ಹೊರಗೆ ಬರಲಿಲ್ಲ.

ಮರುದಿನ ನೋಡಿದರೆ ಎಣ್ಣೆಯ ಬಟ್ಟಲು ತೊಳೆದು ಅಡುಗೆಮನೆಯ ಕಟ್ಟೆಯ ಮೇಲೆ ಕವುಚಿಟ್ಟಿತ್ತು. ನಾನೇ ಎಣ್ಣೆ ಹಾಕಿ ತಂದು ಮುಂದಿಟ್ಟರೂ ಒಲ್ಲೆ ಎಂದ. ಕೆಲವು ದಿನಗಳಲ್ಲೇ ಬೆರಳು ಮತ್ತೆ ದಿನದಿಂದ ದಿನಕ್ಕೆ ಬಿಗಿಯತೊಡಗಿದವು. ನನಗೆ ಅಳು ಬಂತು, ಅಳುವಿಗಿಂತ ಸಿಟ್ಟು ಹೆಚ್ಚು ಬಂತು; ತಮಾಷೆ ಮಾಡಿದವಳ ಮೇಲೆ, ಎಣ್ಣೆಯ ಮೇಲೆ, ಎಣ್ಣೆಗೆ ಮೆತ್ತುವ ಧೂಳಿನ ಮೇಲೆ. ಸಿಡಿಯದ ಹೊಳಪು ಒಂದು ಸಿಕ್ಕರೆ ಅವನು ಮತ್ತೆ ಮಣೆ ಹಾಕಿಕೊಂಡು ಕೂರುತ್ತಾನೆ ಎಂಬುದು ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಡಲಿಲ್ಲ.

ಮೊದಲು ಟೈರುಗಳ ಮೇಲೆ ಕೂತಿದ್ದ ಕುಸುಬಿಯ ಪೊರೆ ಕೀಳಬೇಕಿತ್ತು. ಬಿಸಿನೀರು, ಸೋಪಿನ ಪುಡಿ, ಬಟ್ಟೆ ತಿಕ್ಕುವ ಬ್ರಶ್ಶು ಹಿಡಿದು ಒಂದು ರವಿವಾರವೆಲ್ಲ ತಿಕ್ಕಿದೆ. ಕಂದು ನೊರೆ ಬಿಳಿಯಾಗುವವರೆಗೆ ಬಿಡಲಿಲ್ಲ. ಅಪ್ಪ ಕಿಟಕಿಯಿಂದ ನೋಡುತ್ತಿದ್ದ.

ಆಳಂದದ ಅಂಗಡಿಯೊಂದರಲ್ಲಿ ಸ್ಪ್ರೇ ಡಬ್ಬಿ ಕೊಟ್ಟರು. ಕನ್ನಡಿಯಂತೆ ಹೊಳೆಯುತ್ತದೆ ಎಂದರು. ನಿಜ, ಹೊಳೆಯಿತು; ಸಂಜೆಯ ಹೊತ್ತಿಗೆ ಬಾಗಿಲುಗಳೂ ಹೊಳೆದವು. ಮೇಲಾಗಿ ಅದಕ್ಕೆ ಗುಂಡಿ ಒತ್ತಿದರೆ ಮುಗಿಯಿತು, ಕೈಗೆ ಕೆಲಸವೇ ಇಲ್ಲ. ಕಾರು ತೊಳೆಯುವಲ್ಲಿ ಕೇಳಿದರೆ ಇಂಜಿನ್ನಿನಿಂದ ತೆಗೆದ ಹಳೆಯ ಆಯಿಲ್ಲಿಗೆ ಡೀಸೆಲ್ ಬೆರೆಸಿ ಹಚ್ಚುವುದನ್ನು ತೋರಿಸಿದರು. ಅದು ಮೆಲ್ಲಗೆ ರಬ್ಬರನ್ನೇ ತಿನ್ನುತ್ತದೆ. ಸೀರೆಯ ಗತಿಯನ್ನಂತೂ ಕೇಳುವುದೇ ಬೇಡ. ಅಫಜಲಪುರಕ್ಕೆ ಕಾಲೇಜಿನ ಕೆಲಸಕ್ಕೆ ಹೋದಾಗ ಅಲ್ಲೊಂದು ಡಬ್ಬಿ ಸಿಕ್ಕಿತು, ಗಟ್ಟಿ ಮುಲಾಮಿನಂಥದ್ದು. ಇದು ಕದಲುವುದಿಲ್ಲ ಎಂದುಕೊಂಡು ಅಲ್ಲೇ ಹಚ್ಚಿದೆ. ಈ ಸಲ ಒಂದು ಉಪಾಯವನ್ನೂ ಮಾಡಿದೆ. ಕಾರಿನಲ್ಲಿದ್ದ ಹಳೆಯ ಪ್ರಶ್ನೆಪತ್ರಿಕೆಗಳನ್ನು, ಖಾಲಿ ಬೆನ್ನು ಹೊರಗೆ ಬರುವಂತೆ, ಗಾಲಿಗಳ ಹಿಂದಿನ ಬಾಗಿಲಿಗೆ ಟೇಪು ಹಚ್ಚಿ ಅಂಟಿಸಿದೆ. ಎಷ್ಟು ಸಿಡಿಯುತ್ತದೆ, ಎಲ್ಲಿಗೆ ಸಿಡಿಯುತ್ತದೆ ಎಂದು ಕಾಗದ ಹೇಳಲಿ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಒಬ್ಬರು ಹತ್ತಿರ ಬಂದು, ಪೇಪರ್ ಹಂಚಾಕ ಹೊಂಟೀರೇನ್ರಿ ಮೇಡಂ ಎಂದು ಕೇಳಿದರು. ಹೌದೆಂದೆ. ಮನೆಗೆ ಬಂದು ಬಿಚ್ಚಿದರೆ ಕಾಗದದ ಮೇಲೆ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆ.

ಕೊನೆಗೆ ಕಲಬುರಗಿಯ ಅಂಗಡಿಯೊಂದರಲ್ಲಿ ಒಬ್ಬ ಮುದುಕ ವ್ಯಾಪಾರಿ, ಹೊಳಪು ಬೇಕೋ ಸ್ವಚ್ಛ ಬೇಕೋ ಎಂದು ಕೇಳಿದರು. ಎರಡೂ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಲಿನಂತೆ ಬಿಳಿಯಾದ ದ್ರವದ ಒಂದು ಬಾಟಲಿ ಕೊಟ್ಟರು. ಉಳಿದವೆಲ್ಲ ಟೈರಿನ ಮೇಲೆ ಹಸಿಯಾಗಿಯೇ ಇರುತ್ತವೆ, ಹಸಿ ಇದ್ದದ್ದು ಗಾಲಿ ತಿರುಗಿದರೆ ಹಾರುತ್ತದೆ; ಇದು ನೀರಿನದು, ಒಣಗುತ್ತದೆ, ಆದರೆ ಹೊಳಪು ಕಡಿಮೆ ಎಂದರು. ನಾನು ಅದನ್ನು ಹಿಡಿದುಕೊಂಡು ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಮ್ಮ ಕಡೆ ಹೊಳಪು ಎಂದರೆ ಎಣ್ಣೆ. ಬಾಚಿದ ತಲೆ, ಮದುಮಗನ ಮೋರೆ, ದೇವರ ಕಲ್ಲು, ಎತ್ತಿನ ಕೊಂಬು, ಎಲ್ಲವೂ ಹಸಿಯಾಗಿದ್ದಾಗ ಹೊಳೆಯುತ್ತವೆ. ಒಣಗಿದ ಮೇಲೂ ಉಳಿಯುವ ಹೊಳಪನ್ನು ನಾವು ಹೊಳಪು ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಲಿನಂಥದ್ದನ್ನು ಹಚ್ಚಿ, ಕಾಗದ ಅಂಟಿಸಿ, ಕಾಲೇಜಿಗೆ ಹೋಗಿ ಬಂದೆ. ಚುಕ್ಕೆಗಳು ತೀರ ಕಡಿಮೆಯಾಗಿದ್ದವು, ಆದರೆ ಇದ್ದವು. ತಲೆ ಕೆಟ್ಟುಹೋಯಿತು. ಕಾಗದಗಳನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದೆ. ಅಪ್ಪ ಮಂಚದ ಮೇಲೆ ಕೂತಿದ್ದ, ಕೈ ವಸ್ತ್ರದೊಳಗಿತ್ತು. ಆಗ ನನಗೆ ಎತ್ತಿನ ಬೆನ್ನಿಗೆ ಹಾಕುತ್ತಿದ್ದ ಝೂಲ ನೆನಪಾಯಿತು. ಅವ್ವ ಕನ್ನಡಿಬಿಲ್ಲೆ ಇಟ್ಟು ಹೊಲಿದ, ಬಿಳಿ ಅಂಚಿನ ಝೂಲ. ಅಷ್ಟು ಎಣ್ಣೆ ಹಚ್ಚಿದ ಕೊಂಬನ್ನು ಎತ್ತು ಹಿಂದೆ ತಿರುಗಿಸಿ ಬೆನ್ನಿಗೆ ಉಜ್ಜಿಕೊಂಡರೂ ಆ ಅಂಚಿಗೆ ಎಂದೂ ಕಲೆಯಾದದ್ದಿಲ್ಲ.

“ಯಪ್ಪಾ, ಝೂಲಕ್ಕ ಎಣ್ಣಿ ಕಲಿ ಯಾಕ ಆಗ್ತಿದ್ದಿಲ್ಲ?” ಎಂದು ಕೇಳಿದೆ.

ಎತ್ತಿನ ಮಾತು ಬಂದರೆ ಅಪ್ಪ ಸುಮ್ಮನಿರಲಾರ. “ಹಚ್ಚೂದು ಅರ್ಧ ಕೆಲಸ ಬೇ. ಹಚ್ಚಿ ಕುಡಿಯಾಕ ಬಿಡಬೇಕು. ಆಮ್ಯಾಲ ಗೋಣಿ ತುಂಡಿಲೆ ತಿಕ್ಕಿ ಒರಸಬೇಕು, ಅರಿವಿಗಿ ಏನೂ ಹತ್ತಬಾರದು, ಅಲ್ಲಿ ಮಟ.”

“ಮತ್ತ ಗಾಲಿಗಿ ಯಾಕ ಒರಸಲಿಲ್ಲ?”

ಕೇಳಬಾರದಿತ್ತು ಎಂದು ಕೇಳಿದ ಕ್ಷಣವೇ ಅನಿಸಿತು. ಅಪ್ಪ ವಸ್ತ್ರದೊಳಗೆ ಉಬ್ಬಿದ್ದ ಕೈಯ ಕಡೆ ನೋಡಿ, ಗೋಡೆಯ ಕಡೆ ನೋಡಿದ.

ಹಚ್ಚಲು ತೋಳು ಸಾಕು. ಒರೆಸಲು ಬೆರಳು ಬೇಕು, ಅರಿವೆಯನ್ನು ಒತ್ತಿ ಹಿಡಿಯುವ ಬೆರಳು. ಅವನಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು. ಒರೆಸಲು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಾರದೆ ಎಣ್ಣೆಯ ಮೇಲೆ ಎಣ್ಣೆ ಸುರಿದಿದ್ದ. ಗಾಲಿಯನ್ನು ಎತ್ತೆಂದು ತಿಳಿದ ಎಂದು ನೆಲೋಗಿಯಲ್ಲಿ ನಕ್ಕರಲ್ಲ, ಆ ನಗು ಅವನಿಗೆ ತಾಗಿದ್ದು ಬೇರೆ ಕಡೆ. ಅರ್ಧ ಕೆಲಸ ಮಾಡಿದ ಎತ್ತನ್ನು ಅವನು ಜೀವಮಾನದಲ್ಲಿ ಅಗಸೆಗೆ ಹೊಡೆದವನಲ್ಲ. ನಾನು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮೂರು ಊರಿನ ಅಂಗಡಿಗಳಲ್ಲಿ ಹುಡುಕಿದ್ದು ಯಾವ ಡಬ್ಬಿಯಲ್ಲೂ ಪೂರ್ತಿಯಾಗಿ ಇರಲಿಲ್ಲ.

ಮರುದಿನ ನಾನೇ ಹಾಲಿನಂಥದ್ದನ್ನು ತೆಳ್ಳಗೆ ಹಚ್ಚಿ, ಒಂದಿಷ್ಟು ಹೊತ್ತು ಬಿಟ್ಟು, ಒಣ ಟವೆಲಿನಿಂದ ಒರೆಸಿ, ಕಾಗದ ಅಂಟಿಸಿ ನೋಡಿದೆ. ಕಾಗದ ಹೋದ ಹಾಗೇ ಬಂತು. ಒಂದು ಚುಕ್ಕೆಯೂ ಇರಲಿಲ್ಲ. ಆ ಕಾಗದವನ್ನು ಅಪ್ಪನ ಮುಂದೆ ಹಿಡಿದೆ. ಬಾಟಲಿಯನ್ನೂ, ಅವನ ಮಡಚಿದ ಬೆರಳಿಗೆ ಕೂರುವಂತೆ ಕತ್ತರಿಸಿದ ಸ್ಪಂಜನ್ನೂ, ಹಳೆಯ ಟವೆಲಿನ ತುಂಡನ್ನೂ ಇಟ್ಟೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. “ಎಷ್ಟ ಒರಸಾಕ ಆಗ್ತದ, ಅಷ್ಟಕ್ಕ ಹಚ್ಚು. ಉಳದದ್ದಕ್ಕ ಹಚ್ಚಲೇ ಬ್ಯಾಡ,” ಎಂದೆ.

ಅಪ್ಪ ಬಾಟಲಿಯ ಮೂತಿ ಮೂಸಿ ನೋಡಿದ. ಇದಕ್ಕೆ ವಾಸನೆಯೂ ಇಲ್ಲ, ಇದೆಂಥ ಹೊಳೆದೀತು ಎಂದ. ಆ ದಿನ ಅಷ್ಟೇ. ಎರಡು ದಿನ ಬಿಟ್ಟು, ಮಣೆ ತಾನೇ ಎಳೆದುಕೊಂಡು ಹೊರಗೆ ಹೋದ.

ಮೊದಲ ದಿನ ಒಂದು ಗಾಲಿಯ ಕಾಲುಭಾಗವೂ ಆಗಲಿಲ್ಲ. ಅರಿವೆ ಬೆರಳಿನಿಂದ ಜಾರುತ್ತಿತ್ತು, ಎಡಗೈಯಿಂದ ಮತ್ತೆ ಸೇರಿಸುತ್ತಿದ್ದ, ಮತ್ತೆ ಜಾರುತ್ತಿತ್ತು. ಬೆವರು ಹುಬ್ಬಿಗಿಳಿಯುತ್ತಿತ್ತು. ಎಡಗೈಯಿಂದಲೇ ಒರೆಸಿದ್ದರೆ ಒಂದು ಗಳಿಗೆಯ ಕೆಲಸ. ಒರೆಸಲಿಲ್ಲ, ನಾನೂ ಹೇಳಲಿಲ್ಲ. ಹೀಗೆ, ಅರ್ಧಚಂದ್ರದಷ್ಟು ಕಪ್ಪಗೆ ಹೊಳೆಯುವ, ಉಳಿದದ್ದು ಬೂದು ಬಣ್ಣದ ಗಾಲಿ ಇಟ್ಟುಕೊಂಡು ನಾನು, ಅರ್ಧ ಒರೆಸಿದ ಬೋರ್ಡು ಕಂಡರೆ ಉರಿದೇಳುವ ನಾನು, ಆಳಂದದ ಪೇಟೆಯಲ್ಲೆಲ್ಲ ಓಡಾಡಿದೆ. ನಿನ್ನ ಮಡಿ ಅರ್ಧ ಸ್ನಾನ ಮಾಡಿ ಹೊಂಟದ ಎಂದು ನಮ್ಮ ಮನೆಯವರು ಕಾಡಿದರು. ಕಾಲೇಜಿನಲ್ಲಿ ಸಹೋದ್ಯೋಗಿಗಳು ಗಾಲಿ ನೋಡಿ ನನ್ನ ಮುಖ ನೋಡುತ್ತಿದ್ದರು. ಕಣ್ಣಿಗೆ ಕಸ ಬಿದ್ದಂತೆ ಆಗುತ್ತಿತ್ತು ನನಗೆ, ನಿಜ ಹೇಳುತ್ತೇನೆ. ಸಹಿಸಿಕೊಂಡೆ.

ಪ್ರತಿ ಸಂಜೆ ಅಪ್ಪನಿಗೆ ಕಾಗದ ತೋರಿಸಬೇಕಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಮೂಲೆ ಮೂಲೆ ನೋಡುತ್ತಿದ್ದ. ಕಲೆ ಇಲ್ಲದಿದ್ದರೆ ಏನೂ ಅನ್ನುತ್ತಿರಲಿಲ್ಲ, ಒಂದು ಚುಕ್ಕೆ ಕಂಡರೆ ಎಲ್ಲಿ ಕೈ ತಪ್ಪಿತು ಎಂದು ಹೊರಗೆ ಹೋಗಿ ಗಾಲಿ ನೋಡಿಕೊಂಡು ಬರುತ್ತಿದ್ದ. ಅವನ ದೂರು ಒಂದೇ: ಇದು ಕಪ್ಪಗೆ ಕಾಣುತ್ತದೆ, ಹೊಳೆಯುವುದಿಲ್ಲ. ಅದಕ್ಕೂ ದಾರಿ ಅವನೇ ಕಂಡುಕೊಂಡ. ಒಮ್ಮೆ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ತೆಳು ಕೈ ಹಚ್ಚಿ ಮತ್ತೆ ಒರೆಸಿದರೆ, ಹೊಸ ಕಂಬಳಿಯ ಅಂಚಿನಲ್ಲಿ ಕಾಣುವಂಥ ಒಂದು ಮೆಲುಹೊಳಪು ಬರುತ್ತಿತ್ತು. ಅದು ಸಿಡಿಯಲೂ ಇಲ್ಲ. ಅಂದರೆ ಕೆಲಸ ಎರಡರಷ್ಟಾಯಿತು. ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಚ್ಚಲು ಅವನಿಗೆ ಬೈದೆ, ಇಷ್ಟು ಬೇಗ ಬಾಟಲಿ ಖಾಲಿ ಮಾಡುತ್ತೀಯ ಎಂದು.

ಕಾಲುಭಾಗ ಅರ್ಧವಾಯಿತು. ಶ್ರಾವಣ ಬರುವ ಹೊತ್ತಿಗೆ ಒಂದು ಗಾಲಿ ಪೂರ್ತಿಯಾಯಿತು. ನೆಲೋಗಿಯಿಂದ ಫೋನು ಬಂತು, ಹೆಣ್ಣು ಹುಟ್ಟಿತು ಎಂದು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾದಾಗ ಅಪ್ಪ, ಆ ದಿನ ನಾಲ್ಕೂ ಗಾಲಿ ಮಾಡುತ್ತೇನೆ ಎಂದ. ಹಿಂದಿನ ದಿನವೇ ಶುರು ಮಾಡಿದ. ಮೂರು ಮುಗಿಸಿದ. ನಾಲ್ಕನೆಯದನ್ನು, ಹಿಂದಿನ ಎಡಗಾಲಿಯನ್ನು, ಹೊರಡುವ ಮುಂಜಾನೆ ತೊಳೆದು ಒಣಗಿಸಿ ಕೂತ. ಸ್ಪಂಜು ಕೈಯಿಂದ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ನಾನು ಹಚ್ಚಲೇ ಎಂದು ಕೇಳಿದೆ. ಬೇಡ ಎಂದ. ಬಾಟಲಿ, ಸ್ಪಂಜು, ಅರಿವೆ ಎಲ್ಲವನ್ನೂ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಿಸಿದ. ಮೂರು ಹೊಳೆಯುವ ಗಾಲಿ, ಒಂದು ಬೂದು ಗಾಲಿ ಇಟ್ಟುಕೊಂಡು ನಾವು ಶುಭಕಾರ್ಯಕ್ಕೆ ಹೊರಟೆವು.

ದಾರಿಯಲ್ಲಿ ನನಗೆ ನೆಲೋಗಿಯದೇ ಚಿಂತೆ. ಆ ಪಕ್ಕದ ಮನೆಯವಳು ಇರುತ್ತಾಳೆ, ನೋಡುತ್ತಾಳೆ, ಏನೋ ಅನ್ನುತ್ತಾಳೆ, ಕೈ ಮತ್ತೆ ವಸ್ತ್ರದೊಳಗೆ ಹೋಗುತ್ತದೆ. ಹೋದರೆ ಇನ್ನೊಮ್ಮೆ ಹೊರಗೆ ತೆಗೆಸುವ ಶಕ್ತಿ ನನಗಿಲ್ಲ. ಭೀಮಾ ಸೇತುವೆಯ ಮೇಲೆ ಇದೇ ಯೋಚನೆ, ಜೇವರ್ಗಿ ದಾಟಿದರೂ ಇದೇ.

ಅಕ್ಕನ ಮನೆಯ ಮುಂದೆ ಹೆಂಗಸರು ಸೇರಿದ್ದರು. ಬಾಣಂತಿಯಾದ ಅಕ್ಕನ ಮಗಳು ಹೊಸ್ತಿಲಲ್ಲಿ ನಿಂತಿದ್ದಳು, ಅದೇ ಕುಬುಸದ ಹಸಿರು ಸೀರೆ ಉಟ್ಟು. ಕಲೆ ಪೂರ್ತಿ ಹೋಗಿರಲಿಲ್ಲ, ನೆರಿಗೆಯ ಅಂಚಿನಲ್ಲಿ ಇಣುಕುತ್ತಿತ್ತು. ಮಗುವನ್ನು ಅಕ್ಕನ ಕೈಗೆ ಕೊಟ್ಟು ನೇರ ಕಾರಿಗೆ ಬಂದಳು. ಅಂದಿನಂತೆಯೇ ಬಾಗಿಲಿಗೆ ಮೈಯೊತ್ತಿ ನಿಂತು ಅಜ್ಜನನ್ನು ಇಳಿಸಿದಳು. ಹಿಂದೆ ಸರಿದು ತನ್ನ ಸೀರೆ ನೋಡಿಕೊಳ್ಳಲೂ ಇಲ್ಲ. ನೋಡಿದ್ದು ಅಪ್ಪ. ನೆರಿಗೆಯಿಂದ ಸೆರಗಿನವರೆಗೆ ಬಗ್ಗಿ ನೋಡಿದ. ಧೂಳು ಬಿಟ್ಟರೆ ಏನೂ ಹತ್ತಿರಲಿಲ್ಲ.

ಪಕ್ಕದ ಮನೆಯವಳು ಅಲ್ಲೇ ಇದ್ದಳು. ಅವಳ ಕಣ್ಣು ಕಾರಿನ ಸುತ್ತ ಒಂದು ಸುತ್ತು ಬಂದು ಹಿಂದಿನ ಗಾಲಿಯ ಮೇಲೆ ನಿಂತಿತು. ಕೆಟ್ಟ ಮನಸ್ಸಿನವಳೇನಲ್ಲ, ಕಂಡದ್ದನ್ನು ಆಡುವವಳು.

“ಮುತ್ಯಾ, ಮೂರ ಗಾಲಿ ಹೊಳ್ಯಾಕತ್ತಾವಲ್ಲ, ಇದೊಂದ ಯಾಕ ಬಿಟ್ಟಿ?”

ನಾನು ಅಪ್ಪನ ಹೆಗಲ ವಸ್ತ್ರವನ್ನೇ ನೋಡಿದೆ. ಬಲಗೈ ಎಲ್ಲಿತ್ತೋ ಅಲ್ಲೇ ಇತ್ತು, ಎಲ್ಲರಿಗೂ ಕಾಣುವಂತೆ.

“ಕೈ ದಣೀತವ್ವಾ,” ಎಂದ ಅಪ್ಪ. “ಲಕ್ವಾ ಹೊಡದ ಕೈ ಅದು. ಮೂರಕ್ಕ ಸಾಕಾತು.”

ಎಂಟು ತಿಂಗಳಲ್ಲಿ ಆ ಮಾತನ್ನು ಅವನು ಡಾಕ್ಟರ ಮುಂದೆ ಹೇಳಿರಲಿಲ್ಲ, ನನ್ನ ಮುಂದೆ ಹೇಳಿರಲಿಲ್ಲ. ಯಾರೂ ನಗಲಿಲ್ಲ. ಆಕೆ ಒಳಗೆ ಹೋಗಿ, ಕೇಳದೆಯೇ, ಒಂದು ಮಣೆ ತಂದು ಹಿಂದಿನ ಗಾಲಿಯ ಹತ್ತಿರ ಹಾಕಿದಳು. ತೊಟ್ಟಿಲಿಗೆ ಹಾಕಲು ಇನ್ನೂ ಹೊತ್ತಿದೆ, ಚೀಲ ತಾ ಎಂದು ಅಪ್ಪ ನನಗೆ ಹೇಳಿದ.

ಒಳಗೆ ಹೆಂಗಸರು ತೊಟ್ಟಿಲು ಸಿಂಗರಿಸುತ್ತಿದ್ದರು. ಅಕ್ಕ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ ಹೋದಳು. ಕಟ್ಟೆಯ ಮೇಲೆ ಕೂತು ನಾನು ಅಪ್ಪನನ್ನು ನೋಡುತ್ತಿದ್ದೆ. ದಾರಿಯ ಧೂಳು ಜಾಡಿಸಿ ತೆಳ್ಳಗೆ ಹಚ್ಚಿದ. ಒಣಗಲು ಬಿಟ್ಟು ಸುಮ್ಮನೆ ಕೂತ. ಆಮೇಲೆ ಅರಿವೆ ತೆಗೆದುಕೊಂಡು, ಮೆಲ್ಲಗೆ, ಅಲ್ಲಲ್ಲಿ ನಿಂತು, ಸುತ್ತಲೂ ಒರೆಸಿದ. ಒರೆಸಿ ಮುಗಿಸಿ ನನ್ನ ಕಡೆ ತಿರುಗಿದ. ಇಷ್ಟು ದಿನ ನಾನು ಅವನಿಗೆ ಕಾಗದ ತೋರಿಸಿದ ಹಾಗೆ, ಅರಿವೆಯ ಒಂದು ಮೂಲೆ ಹಿಡಿದು, ಕೆಳಗೆ ಇಳಿಬಿಟ್ಟು ಎತ್ತಿ ತೋರಿಸಿದ. ಬಲಗೈಯಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ. ಉಳಿದ ಮೂರು ಬೆರಳು ಬಿಚ್ಚಿದ್ದವು.

ಅರಿವೆಗೆ ಏನಾದರೂ ಹತ್ತಿತ್ತೋ ಇಲ್ಲವೋ, ನಾನು ನೋಡಲೇ ಇಲ್ಲ. ಎಳ್ಳಮಾಸಿಯ ನಂತರ ಅಂದೇ ಮೊದಲ ಸಲ ಅಪ್ಪನ ಬಲಗೈಯ ಅಂಗೈ ನೋಡಿದೆ.